ಪಡಸಾಲೆಯ ಸ್ಟೇಷನ್, ಹಿತ್ತಲಿನ ಭರಣಿಗಳು

ನಮ್ಮ ಮನೆಯ ಪಡಸಾಲೆಯಲ್ಲಿ ಯಲವಿಗಿ ಸ್ಟೇಷನ್ ಇತ್ತು. ಸುಳ್ಳಲ್ಲ. ಸವಣೂರಿನ ನಮ್ಮ ಓಣಿಯಲ್ಲಿ ಕೆಲವರು ಪಡಸಾಲೆಯಲ್ಲಿ ಜೋಳದ ಚೀಲ ಒಟ್ಟುತ್ತಿದ್ದರು, ಕೆಲವರು ತೊಟ್ಟಿಲು ಕಟ್ಟುತ್ತಿದ್ದರು. ನಮ್ಮಲ್ಲಿ ಮಾತ್ರ ಕಟ್ಟಿಗೆಯ ಪ್ಲಾಟ್‌ಫಾರ್ಮು, ತಗಡಿನ ಮಾಡು, ನನ್ನ ಮೊಣಕಾಲಿನ ತನಕ ಬರುವ ಸಿಗ್ನಲ್ ಕಂಬ, ಒಂದು ಇಂಜಿನ್ನು, ಅದರ ಹಿಂದೆ ಎರಡು ಡಬ್ಬಿ. ಎಲ್ಲ ನನ್ನ ದೊಡ್ಡಪ್ಪ ಮಾಡಿದ್ದು. ಈಗ ಇಂಜಿನ್ನೊಂದು ಉಳಿದಿದೆ. ನನ್ನ ತಮ್ಮನ ಮಗ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ. ಬಂದವರು ಬಗ್ಗಿ ನೋಡುತ್ತಾರೆ, ಎಂಥ ಕೈ, ಎಂಥ ತಾಳ್ಮೆ ಎನ್ನುತ್ತಾರೆ. ಬಣ್ಣ ಇನ್ನೂ ಹೇಗೆ ಹೊಳೆಯುತ್ತದೆ ನೋಡಿರಿ ಎನ್ನುತ್ತಾರೆ. ಆ ಬಣ್ಣ ಒಣಗಿ ಕಲ್ಲಾದ ಭರಣಿಗಳನ್ನು ತೊಳೆದವರು ಯಾರು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ನಾನು ತೊಳೆದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಕಲಿತದ್ದು ಎರಡನೆಯ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಸತ್ತ ಹಿರಿಯರನ್ನು ಏಕವಚನದಲ್ಲಿ ಬರೆಯಬಾರದು ಎಂದು ಮೊಮ್ಮಗಳು ಹೇಳಿದಳು. ನಾನು ಬರೆಯುವುದು ಹಾಗೆಯೇ.

ದೊಡ್ಡಪ್ಪ ನಮ್ಮಪ್ಪನ ಅಣ್ಣ, ಮನೆಯ ಯಜಮಾನ. ಹೆಂಡತಿ ಮದುವೆಯಾದ ಎರಡನೆಯ ವರ್ಷವೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಎಲೆಬಳ್ಳಿಯ ತೋಟ ಇಬ್ಬರಿಗೂ ಸೇರಿದ್ದು. ಅದರಲ್ಲಿ ನೀರು ಕಟ್ಟುವುದು, ಬಳ್ಳಿ ಇಳಿಸುವುದು, ಎಲೆ ಕೊಯ್ದು ಪೆಂಡಿ ಕಟ್ಟುವುದು ಅಪ್ಪನ ಪಾಲು. ಉಂಡು ಕೈತೊಳೆಯುವುದು ದೊಡ್ಡಪ್ಪನ ಪಾಲು. ಹರೆಯದಲ್ಲಿ ರೈಲಿನ ಕೆಲಸ ಹುಡುಕಿಕೊಂಡು ಹೋಗಿ ಸಿಗದೆ ತಿರುಗಿ ಬಂದಿದ್ದನಂತೆ. ರೈಲು ತನ್ನನ್ನು ಕರೆಯದಿದ್ದರೆ ತಾನೇ ರೈಲನ್ನು ಮನೆಗೆ ತರುತ್ತೇನೆ ಎಂದು ಹಟ ಹಿಡಿದ. ಚಕ್ಕಡಿ ಹೂಡಿಕೊಂಡು ಯಲವಿಗಿಗೆ ಹೋಗಿ, ಗಂಟು ಹಾಕಿದ ಹಗ್ಗದಿಂದ ಸ್ಟೇಷನ್ನಿನ ಗೋಡೆ, ಕಿಟಕಿ, ಮಂದಿ ಕೂರುವ ಬಾಂಕು ಎಲ್ಲ ಅಳೆದು ಬರುತ್ತಿದ್ದ. ಅಲ್ಲಿಯ ಒಂದು ಮೊಳ ಇಲ್ಲಿಯ ಒಂದು ಬೆರಳು; ಅದು ಅವನ ಲೆಕ್ಕ. ಚಳವಳಿಯ ಕಾಲ ಅದು. ಸ್ಟೇಷನ್ನಿಗೆ ಯಾರಾದರೂ ಬೆಂಕಿ ಹಚ್ಚಿಯಾರು ಎಂದು ಪೊಲೀಸರು ಕಾಯುತ್ತಿದ್ದರು. ಹಗ್ಗ ಹಿಡಿದು ಗೋಡೆ ಅಳೆಯುವ ಮನುಷ್ಯನನ್ನು ಬಿಡುತ್ತಾರೆಯೇ? ಒಂದು ಹಗಲೆಲ್ಲ ಕೂರಿಸಿಕೊಂಡಿದ್ದರು. ಬಿಡಿಸಿಕೊಂಡು ಬಂದ ಮೇಲೆ ಓಣಿಯವರೆಲ್ಲ ದೇಶಕ್ಕಾಗಿ ಸೆರೆಗೆ ಹೋಗಿ ಬಂದ ಎಂದು ಹಾರ ತಂದರು. ಅವನು ಬ್ಯಾಡ ಎನ್ನಲಿಲ್ಲ, ಹಾಕಿಸಿಕೊಂಡ.

ನಮ್ಮವ್ವ ಹಾನಗಲ್ಲಿನವಳು. ನಮ್ಮ ಕಡೆ ಸೊಸೆಯಾದವಳು ಗಂಡನ ಅಣ್ಣನ ಎದುರು ಬಾಯಿ ತೆರೆಯಬಾರದು, ಅವನೂ ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡಬಾರದು. ಬೇರೆ ಮನೆಗಳಲ್ಲಿ ಒಂದೆರಡು ಮಕ್ಕಳಾಗುವ ಹೊತ್ತಿಗೆ ಈ ಕಟ್ಟು ಸಡಿಲಾಗುತ್ತದೆ. ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಬಿಗಿಯಾಯಿತು, ಏಕೆಂದರೆ ಇಬ್ಬರಿಗೂ ಅದು ಬೇಕಾಗಿತ್ತು. ಎದುರಿಗೆ ನಿಂತು ಆಡಿದರೆ ಮಾತಿಗೆ ಒಂದು ಮಿತಿ ಇರುತ್ತದೆ. ಮಗುವಿನ ಬಾಯಲ್ಲಿ ಕಳಿಸಿದರೆ ಮಿತಿಯಿಲ್ಲ. ಅವನು ಇರುತ್ತಿದ್ದದ್ದು ಮುಂದಿನ ಪಡಸಾಲೆಯಲ್ಲಿ, ಅವಳು ಹಿಂದಿನ ಅಡುಗೆಮನೆಯಲ್ಲಿ ಅಥವಾ ಹಿತ್ತಲಿನಲ್ಲಿ. ನಡುವೆ ದನ ಕಟ್ಟುವ ಅಂಕಣ, ಕತ್ತಲೆಯ ನಡುಮನೆ. ನನಗೆ ಮಾತು ಬಂದಾಗಿನಿಂದ ನಾನೇ ಆ ಮನೆಯ ಟಪಾಲು.

“ಗಿರಿಜಿ, ನಿಮ್ಮವ್ವಗ ಹೇಳು, ಸಾರಿನ್ಯಾಗಿನ ಉಪ್ಪು ಎಲ್ಲಿಗೆ ಹೋತು? ಹಾನಗಲ್ಲಿಗೆ ಕಳಿಸ್ಯಾಳೇನು?”

ನಾನು ಒಳಗೆ ಓಡುತ್ತಿದ್ದೆ.

“ಅವ್ವಾ, ಸಾರಿಗೆ ಉಪ್ಪು ಕಡಿಮಿ ಆಗೇತಂತ.”

“ನಿಮ್ಮ ದೊಡ್ಡಪ್ಪಗ ಹೇಳು, ಬೆವರು ಸುರಿಸಿದವರ ನಾಲಿಗಿಗೆ ಅಷ್ಟ ಉಪ್ಪು ತಿಳೀತೈತಿ. ಕುಂತ ಉಣ್ಣಾವರಿಗೆ ಏನು ಹಾಕಿದರೂ ಸಪ್ಪಗ.”

ನಾನು ಹೊರಗೆ ಓಡುತ್ತಿದ್ದೆ.

“ಹಾಕ್ತಾಳಂತ್ರಿ ದೊಡ್ಡಪ್ಪಾ.”

ಹೀಗೆ. ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಒಯ್ದಿದ್ದರೆ ಆ ಮನೆ ಎಂದೋ ಇಬ್ಭಾಗವಾಗುತ್ತಿತ್ತು. ಯಾವ ಮಾತು ಒಯ್ಯಬೇಕು, ಯಾವುದನ್ನು ನಡುಮನೆಯ ಕತ್ತಲೆಯಲ್ಲಿ ಬಿಟ್ಟು ಹೋಗಬೇಕು ಎಂಬುದು ನನಗೆ ಆರೇಳು ವರ್ಷಕ್ಕೇ ತಿಳಿದಿತ್ತು. ಯಾರೂ ಕಲಿಸಲಿಲ್ಲ. ಏಟು ಬೀಳುತ್ತಿದ್ದದ್ದು ನನಗೆ, ಹಾಗಾಗಿ ಕಲಿತೆ.

ಇನ್ನು ಭರಣಿಯ ಮಾತು. ಅವ್ವ ಮದುವೆಯಾಗಿ ಬರುವಾಗ ತವರಿನಿಂದ ಎಂಟು ಚೀನಿಭರಣಿ ತಂದಿದ್ದಳು. ಬಿಳಿಯ ಮೈ, ಕಂದು ಬಣ್ಣದ ಕಂಠ, ಬಾಯಿ ಸಣ್ಣದು. ಹಾನಗಲ್ಲಿನ ಕಡೆ ಮಾವಿನಕಾಯಿಗೆ ಬರವಿಲ್ಲ. ಯುಗಾದಿ ದಾಟಿದೊಡನೆ ಸೋದರಮಾವ ಚಕ್ಕಡಿ ತುಂಬ ಕಾಯಿ ಹೇರಿಕೊಂಡು, ಶಿಗ್ಗಾಂವಿಯಲ್ಲಿ ಒಂದು ವಸತಿ ಮಾಡಿ, ನಮ್ಮ ಮನೆಗೆ ಬರುತ್ತಿದ್ದ. ಅವ್ವನಿಗೆ ವರ್ಷದಲ್ಲಿ ಹಬ್ಬ ಎಂದರೆ ಅದೊಂದೇ. ದೊಡ್ಡಪ್ಪ ಬಣ್ಣದ ಕೆಲಸ ಸುರು ಮಾಡಿದಾಗ ಯುದ್ಧ ನಡೆದಿತ್ತು, ಪೇಟೆಯಲ್ಲಿ ಡಬ್ಬಿ ಬಣ್ಣ ಸಿಗುತ್ತಿರಲಿಲ್ಲ. ಅಗಸಿ ಎಣ್ಣೆ ಕುದಿಸಿ, ಅದರಲ್ಲಿ ಕೆಮ್ಮಣ್ಣು, ಕಾಡಿಗೆ, ಸಫೇದು ಎಂಬ ಬಿಳಿ ಪುಡಿ ಅರೆದು ಅವನೇ ಬಣ್ಣ ಮಾಡಿಕೊಂಡ. ಮಣ್ಣಿನ ಕುಡಿಕೆಯಲ್ಲಿಟ್ಟರೆ ಎಣ್ಣೆ ಹೀರಿಕೊಳ್ಳುತ್ತದೆ. ಅವ್ವ ತವರಿಗೆ ಹೋಗಿದ್ದಾಗ ಒಂದು ಭರಣಿ ಎತ್ತಿಕೊಂಡ. ಮುಂದಿನ ವರ್ಷ ಮೂರು. ಅದರ ಮುಂದಿನ ವರ್ಷ ಎಂಟಕ್ಕೆ ಎಂಟೂ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದವು. ಉಪ್ಪಿನಕಾಯಿ ಹಾಕುವ ಹೊತ್ತಿಗೆ ಅವ್ವನಿಗೆ ಭರಣಿ ಬೇಕು, ಸ್ವಚ್ಛವಾಗಿ ಬೇಕು. ಹೊಸ ಬಣ್ಣ ಕಲಸುವ ಹೊತ್ತಿಗೆ ದೊಡ್ಡಪ್ಪನಿಗೂ ಬೇಕು, ಅವನಿಗೂ ಸ್ವಚ್ಛವಾಗಿಯೇ ಬೇಕು. ಇಬ್ಬರಲ್ಲಿ ಯಾರು ಗೆದ್ದರೂ ತೊಳೆಯುವವಳು ನಾನು. ಏಕೆಂದರೆ ಆ ಸಣ್ಣ ಬಾಯೊಳಗೆ ಹೋಗುವ ಕೈ ಮನೆಯಲ್ಲಿ ನನ್ನದೊಂದೇ.

ಅಗಸಿ ಎಣ್ಣೆಯ ಬಣ್ಣ ಒಣಗಿದರೆ ಏನಾಗುತ್ತದೆ ಎಂಬುದು ಕೈಯಿಂದ ಕಿತ್ತವರಿಗೇ ಗೊತ್ತು. ಮೇಲೆ ಹಾಲಿನ ಕೆನೆಯಂತೆ ಪದರು ಕಟ್ಟುತ್ತದೆ, ಅದನ್ನು ಕಿತ್ತರೆ ಕೆಳಗೆ ಜಿಗುಟು, ಜಿಗುಟಿನ ಕೆಳಗೆ ಕಲ್ಲು. ಕಬ್ಬಿಣ ತಾಗಿಸುವಂತಿಲ್ಲ. ಭರಣಿಯ ಹೊಳಪು ಗೀರಿದರೆ ಉಪ್ಪಿನಕಾಯಿಗೆ ಬೂಸಲು ಬರುತ್ತದೆ ಎಂದು ಅವ್ವ ಚಮಚೆ, ಕುಡುಗೋಲು ಎಲ್ಲ ಬಚ್ಚಿಡುತ್ತಿದ್ದಳು. ಬೂದಿಯ ನೀರಿನಲ್ಲಿ ನೆನಸಿ, ಜಾಲಿಮುಳ್ಳಿನಿಂದ ಚುಚ್ಚಿ, ತೆಂಗಿನ ನಾರಿಗೆ ಇಟ್ಟಂಗಿಯ ಪುಡಿ ಹಚ್ಚಿ ತಿಕ್ಕಬೇಕು. ಗಾಜಿನ ಬಳೆ ಒಳಗೆ ಒಡೆದು ಚೂರಾಗುತ್ತದೆ ಎಂದು ಅವ್ವ ನನ್ನ ಬಳೆಗಳನ್ನೂ ತೆಗೆದಳು. ಹೆಣ್ಣುಮಗುವಿನ ಕೈ ಬರಿದು ಮಾಡಿದ್ದಾರೆ ಎಂದು ಓಣಿಯ ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಂಡರು. ಅವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಭರಣಿಗೆ ನನಗೆ ನಾಲ್ಕು ದಿನ ಹಿಡಿಯುತ್ತಿತ್ತು. ಕಂಠದ ಕೆಳಗೆ ಒಳಗೆ ಬಾಗಿರುವ ಜಾಗ ಇದೆಯಲ್ಲ, ಅಲ್ಲಿ ಕಣ್ಣು ಕಾಣುವುದಿಲ್ಲ, ಮುಳ್ಳು ಮುಟ್ಟುವುದಿಲ್ಲ. ಉಗುರಿನಿಂದಲೇ ಕೆರೆಯಬೇಕು. ನನ್ನ ಉಗುರು ಒಂದು ವಾರ ಕೆಂಪು, ಒಂದು ವಾರ ಕಪ್ಪು. ಊಟದಲ್ಲಿ ರೊಟ್ಟಿ ಮುರಿದರೆ ರೊಟ್ಟಿಗೂ ಎಣ್ಣೆಯ ಕಮಟು.

ಇದೆಲ್ಲ ನನ್ನ ಸಾಲಿಯ ಹೊತ್ತಿನಲ್ಲಿ ನಡೆಯುತ್ತಿತ್ತು. ನಾನು ಎರಡನೆಯ ಇಯತ್ತೆಯಲ್ಲಿದ್ದೆ. ಓದು ನನಗೆ ಸಲೀಸಾಗಿ ಬರುತ್ತಿತ್ತು, ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ. ಆ ವರ್ಷ ತಾಲೂಕಿನ ಮಾಮಲೇದಾರರು ತನ್ನ ಸ್ಟೇಷನ್ ನೋಡಲು ಬರುತ್ತಾರೆ ಎಂದು ದೊಡ್ಡಪ್ಪ ಎಲ್ಲರಿಗೂ ಸಾರಿದ್ದ. ಬಣ್ಣ ಮುಗಿಸುವ ಅವಸರ. ಸಂಕ್ರಾಂತಿ ಕಳೆದ ಮೇಲೆ ನಾನು ಸಾಲಿಗೆ ಹೋದದ್ದು ವಾರಕ್ಕೆ ಒಂದು ದಿನವೋ ಎರಡು ದಿನವೋ. ಸಾಲಿಯ ಅಕ್ಕೋರು ಒಂದು ದಿನ ನನ್ನನ್ನು ಹತ್ತಿರ ಕರೆದು ನಿಲ್ಲಿಸಿಕೊಂಡರು.

“ಗಿರಿಜಾ, ಬರೂ ಸೋಮವಾರ ಇನ್ಸ್‌ಪೆಕ್ಟರ್ ಸಾಹೇಬರು ಪರೀಕ್ಷಾ ತಗೋಳಾಕ ಬರ್ತಾರ. ಅವತ್ತೊಂದು ದಿನ ಬಾ. ಪಾಸ್ ಆದರ ಮೂರನೇ ಇಯತ್ತೆ. ಬರಲಿಲ್ಲಂದ್ರ ಮತ್ತ ಎರಡರಾಗ ಕುಂದರಬೇಕು. ಎರಡನೇ ಸಲ ನಿಮ್ಮ ಮನಿಯವರು ಕಳಸ್ತಾರೇನು?”

ಕಳಿಸುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೋಮವಾರ ಎಂದರೆ ಎಂಟು ದಿನ. ಎಂಟು ಭರಣಿ ಒಣಗಿದ ಬಣ್ಣ ಕಟ್ಟಿಕೊಂಡು ಹಿತ್ತಲಲ್ಲಿ ಕೂತಿದ್ದವು. ಮಾವನ ಚಕ್ಕಡಿಯೂ ಅದೇ ಸೋಮವಾರ ಬರುವುದಿತ್ತು.

ಗೋಡೆಯ ಆಚೆ ಖಾತೂನಬಿ ಚಾಚಿಯ ಮನೆ. ಆಕೆಯ ಗಂಡ ಟಾಂಗಾ ಗಾಲಿಗಳಿಗೆ ಬಣ್ಣ ಹಚ್ಚುತ್ತಿದ್ದ. ನಾನು ಮುಳ್ಳು ಹಿಡಿದು ಅಳುತ್ತ ಕೂತಿದ್ದನ್ನು ಆಕೆ ಗೋಡೆಯ ಮೇಲಿಂದ ನೋಡಿದಳು.

“ಅರೇ ಬೇಟಿ, ಮುಳ್ಳಿಂದ ಕೆದರಿದರ ಕಯಾಮತ್ ಬಂದರೂ ಮುಗಿಯಂಗಿಲ್ಲ. ಅಗಸರ ಮನಿಗೆ ಹೋಗಿ ಸವಳು ಮಣ್ಣು ತಗೊಂಡು ಬಾ. ಅದಕ್ಕ ಸುಣ್ಣ ಕೂಡಿಸಿ ನೀರು ಹಾಕಿ ಇಡು. ತಿಳಿನೀರು ಭರಣಿಗೆ ತುಂಬು. ಬಣ್ಣ ಹುಣಸಿ ಸಿಪ್ಪಿ ಬಿಟ್ಟಂಗ ಬಿಡತೈತಿ. ಕೈ ಮಾತ್ರ ಹಾಕಬ್ಯಾಡ, ಸುಡತೈತಿ. ಕಟಗಿಗೆ ಅರಬಿ ಸುತ್ತಿ ತಿರುವು.”

ಆಕೆ ಹೇಳಿದಂತೆಯೇ ಆಯಿತು. ಮರುದಿನ ನೀರು ಚೆಲ್ಲಿದರೆ ಬಣ್ಣ ಹಾಳೆಹಾಳೆಯಾಗಿ ಹೊರಗೆ ಬಂತು. ಆದರೆ ಕಂಠದ ಕೆಳಗಿನ ಬಾಗಿನಲ್ಲಿ ಕಟ್ಟಿಗೆ ತಿರುಗಲಿಲ್ಲ. ಕೈ ಹಾಕಿದೆ. ಮೊದಲು ಜಾರುಜಾರಾಯಿತು, ಆಮೇಲೆ ತುರಿಕೆ, ಆಮೇಲೆ ಉರಿ. ಶನಿವಾರದ ಹೊತ್ತಿಗೆ ಎಂಟೂ ಭರಣಿ ಬೆಳ್ಳಗಾದವು, ನನ್ನ ಬಲಗೈಯ ಬೆರಳುಗಳ ಚರ್ಮ ಸುಲಿದು ಕೆಂಪಾಯಿತು. ಅವ್ವ ಬೆಣ್ಣೆ ಹಚ್ಚಿದಳು. ಹಚ್ಚುತ್ತ ಹಚ್ಚುತ್ತ ಭರಣಿಗಳ ಕಡೆ ನೋಡಿ ಹೇಳಿದಳು:

“ಆ ಎರಡರ ಕಂಠದಾಗ ಇನ್ನೂ ಕೆಂಪು ಉಳದೈತಿ. ನಾಳೆ ಅಷ್ಟು ತೆಗಿ.”

ಭಾನುವಾರ ಭರಣಿಗಳು ಬಿಸಿಲಿಗೆ ಬೋರಲು ಬಿದ್ದಿದ್ದವು. ಇಬ್ಬರೂ ಅವನ್ನು ನೋಡಿದ್ದರು. ಟಪಾಲು ಸುರುವಾಯಿತು.

“ನಿಮ್ಮವ್ವಗ ಹೇಳು, ಮಾಮಲೇದಾರರು ಬರೂ ಮುಂದ ಇಂಜಿನ್ನಿಗೆ ಎರಡನೇ ಕೈ ಬಣ್ಣ ಆಗಬೇಕು. ಭರಣಿಗೆ ಕೈ ಹಚ್ಚಿದರ ಸರಿ ಇರಂಗಿಲ್ಲ.”

“ನಿಮ್ಮ ದೊಡ್ಡಪ್ಪಗ ಹೇಳು, ನಾಳೆ ನಮ್ಮಣ್ಣ ಕಾಯಿ ತರ್ತಾನ. ಭರಣಿ ಸಿಗಲಿಲ್ಲಂದ್ರ ಹೆಚ್ಚಿದ ಕಾಯಿ ಆ ಇಂಜಿನ್ನಿನ ಹೊಟ್ಟಿಗೆ ತುಂಬ್ತೇನಿ.”

ನಾನು ನಡುಮನೆಯಲ್ಲಿ ನಿಂತೆ. ಇಬ್ಬರೂ ಒಂದು ವಿಷಯಕ್ಕೆ ಮಾತ್ರ ಒಪ್ಪಿದ್ದರು: ನಾಳೆ ಗಿರಿಜಿ ಮನೆಯಲ್ಲಿರಬೇಕು. ಅವನಿಗೆ ಬಣ್ಣ ಅರೆಯಲು ಬೇಕು, ಅವಳಿಗೆ ಕಾಯಿ ಒರೆಸಲು ಬೇಕು. ಪರೀಕ್ಷೆಯ ಮಾತನ್ನು ನಾನು ಇಬ್ಬರ ಮುಂದೆಯೂ ಎತ್ತಿದ್ದೆ. ದೊಡ್ಡಪ್ಪ “ನಿಮ್ಮವ್ವನ್ನ ಕೇಳು” ಎಂದಿದ್ದ. ಅವ್ವ “ನಿಮ್ಮ ದೊಡ್ಡಪ್ಪನ್ನ ಕೇಳು” ಎಂದಿದ್ದಳು. ಅಪ್ಪನನ್ನು ಕೇಳಿದೆ. ಅಪ್ಪ ಎಲೆಯ ತೊಟ್ಟು ಮುರಿಯುತ್ತ “ಅವರು ಹೇಳಿದಂಗ” ಎಂದ. ಅಪ್ಪ ಜೀವಮಾನದಲ್ಲಿ ಆಡಿದ್ದು ಅದೊಂದೇ ಮಾತು.

ಸೋಮವಾರ ಬೆಳಿಗ್ಗೆ ನಾನು ಜಳಕ ಮಾಡಿ, ಲಂಗ ಉಟ್ಟು, ಪಾಟಿ ಬಗಲಲ್ಲಿಟ್ಟುಕೊಂಡು ಮೊದಲು ಹಿತ್ತಲಿಗೆ ಹೋದೆ.

“ಅವ್ವಾ, ದೊಡ್ಡಪ್ಪ ಹೇಳ್ಯಾನ, ಈ ವರ್ಷ ಎಂಟೂ ಭರಣಿ ನೀನ ಇಟಗೋಬೇಕಂತ. ನನಗ ಪರೀಕ್ಷಾಕ್ಕ ಹೋಗು ಅಂದ. ಸಾಹೇಬರು ಹೆಸರು ಕರದಾಗ ಇಲ್ಲಂದ್ರ ಮನಿ ಮರ್ಯಾದಿ ಹೋಗತೈತಂತ.”

ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಎಂಟೂ?”

“ಎಂಟೂ.”

“ಈಗರೆ ಬುದ್ಧಿ ಬಂತಲ್ಲ. ಹೋಗು, ಹೋಗು. ಲಗೂನ ಬಾ.”

ಆಮೇಲೆ ಪಡಸಾಲೆಗೆ ಬಂದೆ. ದೊಡ್ಡಪ್ಪ ಇಂಜಿನ್ನಿನ ಮುಂದೆ ಮಂಡಿ ಊರಿ ಕೂತು, ಗಾಲಿಯನ್ನು ಬೆಕ್ಕಿನ ಕೂದಲಿನ ಕುಂಚದಿಂದ ಒರೆಸುತ್ತಿದ್ದ.

“ದೊಡ್ಡಪ್ಪಾ, ಅವ್ವ ಹೇಳ್ಯಾಳ್ರಿ, ಭರಣಿ ಎಲ್ಲಾ ನೀವ ಇಟಗೋಬೇಕಂತ್ರಿ. ಮಾಮಲೇದಾರರು ಬರೂದು ದೊಡ್ಡದು ಅಂದಳು. ನನಗ ಪರೀಕ್ಷಾಕ್ಕ ಹೋಗು ಅಂದಾಳ್ರಿ.”

ಅವನು ತಲೆ ಎತ್ತಲಿಲ್ಲ. ಮೀಸೆಯೊಳಗೇ ನಕ್ಕ.

“ಸೋತಳೇನು? ಹೋಗು. ಬರ್ತಾ ಎರಡು ಕಾಸಿನ ಕಾಡಿಗಿ ತಗೊಂಡು ಬಾ.”

ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಕೇಳುವ ಪದ್ಧತಿ ಇರಲಿಲ್ಲವಲ್ಲ. ನಾನು ಓಡಿದೆ.

ಪರೀಕ್ಷೆಯಲ್ಲಿ ಪಾಟಿಯ ಮೇಲೆ ಬರೆಯುವುದೇ ಕಷ್ಟವಾಯಿತು. ಬಳಪ ಹಿಡಿದರೆ ಸುಲಿದ ಬೆರಳು ಅಂಟುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಬರೆದೆ. ಕೂಡಿಸುವ ಲೆಕ್ಕ, ಕಳೆಯುವ ಲೆಕ್ಕ, ಎಲ್ಲ ಸರಿ. ಓದಲು ಎಬ್ಬಿಸಿದರು. ತಡೆಯದೆ ಓದಿದೆ. ಇನ್ಸ್‌ಪೆಕ್ಟರ್ ಸಾಹೇಬರು ಪುಸ್ತಕ ಹಿಡಿದ ನನ್ನ ಕೈ ನೋಡಿದರು.

“ಕೈಗೆ ಏನಾಗೇತಿ?”

“ಭರಣಿ ತೊಳದೇನ್ರಿ.”

“ಯಾವ ಭರಣಿ?”

“ಸ್ಟೇಷನ್ ಭರಣಿರಿ.”

ಸಾಹೇಬರು ಅಕ್ಕೋರ ಮುಖ ನೋಡಿದರು. ಹುಡುಗಿಯರೆಲ್ಲ ನಕ್ಕರು. ಸಾಹೇಬರೂ ನಕ್ಕು, ಕಾಗದದ ಮೇಲೆ ಗುರುತು ಹಾಕಿ, “ಪಾಸ್, ಕುಂದರು” ಎಂದರು. ಆ ಒಂದು ಮಾತನ್ನು ಬಾಯಲ್ಲಿ ಬೆಲ್ಲ ಇಟ್ಟುಕೊಂಡಂತೆ ಇಟ್ಟುಕೊಂಡು ಓಣಿಯ ತನಕ ಬಂದೆ. ಖಾತೂನಬಿ ಚಾಚಿ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡವಳೇ ಸೆರಗು ಬಾಯಿಗೆ ಒತ್ತಿಕೊಂಡಳು.

“ಈಗ ಮನಿಗೆ ಹೋಗಬ್ಯಾಡ ಬೇಟಿ. ನಿಮ್ಮ ಮಾವ ಕಾಯಿ ಇಳಿಸಿ ತೋಟದ ಕಡೆ ಹೋದ. ಆಮ್ಯಾಲೆ ನಿಮ್ಮವ್ವ ಭರಣಿ ತಗೋಳಾಕ ಹಿತ್ತಲಕ್ಕ ಬಂದಳು. ನಿಮ್ಮ ದೊಡ್ಡಪ್ಪನೂ ಬಂದ. ಇಬ್ಬರೂ ಒಂದ ಭರಣಿ ಹಿಡಕೊಂಡರು. ಬಿಡವಲ್ಲರು. ಯಾ ಅಲ್ಲಾ, ಆಮ್ಯಾಲೆ ನಿಮ್ಮವ್ವ ಬಾಯಿ ತಗದಳು ನೋಡು!”

ನಾನು ಒಳಗೆ ಹೋದೆ. ಎಲ್ಲಿಗೆ ಹೋಗಲಿ ಮತ್ತೆ? ಪಡಸಾಲೆಯ ಕಂಬಕ್ಕೆ ಒರಗಿ ಅವ್ವ ಕೂತಿದ್ದಳು. ಸೆರಗು ತಲೆಯ ಮೇಲಿತ್ತು, ಮುಖ ಮಾತ್ರ ಬಯಲಿಗಿತ್ತು. ಸ್ಟೇಷನ್ನಿನ ಆಚೆ ದೊಡ್ಡಪ್ಪ. ನಡುವೆ ಎಂಟು ಭರಣಿ. ಹನ್ನೊಂದು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಒಂದು ಮಾತು ಆಡದ ಇಬ್ಬರು ಎದುರುಬದುರು ಕೂತು ಮಾತಾಡುತ್ತಿದ್ದರು. ಸಿಟ್ಟಿನಿಂದಲ್ಲ. ಸಿಟ್ಟು ಅಷ್ಟರಲ್ಲಿ ಮುಗಿದಿತ್ತು. ದನದ ವ್ಯಾಪಾರ ಕುದುರಿದವರ ಹಾಗೆ ತಣ್ಣಗಿದ್ದರು.

“ಬಂತು ನೋಡು ಟಪಾಲು,” ಎಂದ ದೊಡ್ಡಪ್ಪ.

“ನಾ ಪಾಸಾಗೇನಿ,” ಎಂದೆ.

ಅವ್ವ ಎದ್ದು ಬಂದು ಕೆನ್ನೆಗೆ ಹೊಡೆದಳು. ಒಂದಲ್ಲ. ಹೊಡೆದು, ಅವನ ಕಡೆ ತಿರುಗಿ ಹೇಳಿದಳು:

“ಸಾಲಿಗೆ ಹೋಗಿ ಏನು ಕಲತಾಳ ನೋಡ್ರಿ ಭಾವನೋರ. ನಿಮ್ಮ ಹೆಸರಿಲೆ ನನಗ ಸುಳ್ಳು, ನನ್ನ ಹೆಸರಿಲೆ ನಿಮಗ ಸುಳ್ಳು.”

“ಖರೇ ಹೇಳಿದಿ ತಂಗಿ. ಸಾಕು ಇನ್ನ ಸಾಲಿ.”

“ನಾನೂ ಅದನ್ನ ಹೇಳಾಕತ್ತೇನ್ರಿ.”

ತಂಗಿ! ಸಾರಿನ ಉಪ್ಪು ತವರಿಗೆ ಕಳಿಸಿದವಳು ಈಗ ತಂಗಿ. ಭರಣಿಗಳನ್ನು ನಾಲ್ಕು ನಾಲ್ಕು ಹಂಚಿಕೊಂಡರು. ಮೂರು ವರ್ಷ ನಾನು ಒಳಗೂ ಹೊರಗೂ ಹೊತ್ತು ತಿರುಗಿದ ಜಗಳ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಹರಿದುಹೋಯಿತು. ಅಂದಿನಿಂದ ಅವರಿಬ್ಬರೂ ಸಾಯುವ ತನಕ ಚೆನ್ನಾಗಿಯೇ ಇದ್ದರು. ಓಣಿಯವರು ಅದನ್ನು ಕಂಡು ಮೆಚ್ಚಿಕೊಂಡರು. ಮಾಮಲೇದಾರರೂ ಬಂದರು. ಸ್ಟೇಷನ್ನನ್ನು ಒಂದು ಗಳಿಗೆ ನೋಡಿ, ನಮ್ಮ ತೋಟದ ಎಲೆ ಚೆನ್ನಾಗಿದೆ ಎಂದು ಹೇಳಿ, ಒಂದು ಪೆಂಡಿ ಕಟ್ಟಿಸಿಕೊಂಡು ಹೋದರು.

ಸಾಲಿ ಮತ್ತೆ ಸುರುವಾಗುವ ಮುಂಚೆ ಅಕ್ಕೋರು ಮನೆಗೆ ಬಂದರು. ದೊಡ್ಡಪ್ಪ ಬಲು ಮರ್ಯಾದೆಯಿಂದ ಕೂರಿಸಿ ಸಿಗ್ನಲ್ ಕೈ ಏಳಿಸಿ ಇಳಿಸಿ ತೋರಿಸಿದ. ಅವ್ವ ಅವಲಕ್ಕಿಯ ಜೊತೆ ಹೊಸ ಉಪ್ಪಿನಕಾಯಿ ತಂದಿಟ್ಟಳು.

“ಇಯತ್ತೆಗೆ ಎರಡನೇ ನಂಬರ ಬಂದಾಳ್ರಿ ಗಿರಿಜಾ,” ಎಂದರು ಅಕ್ಕೋರು. “ಆಕಿ ಕೈ ನಾನು ನೋಡೇನಿ. ಆ ಕೈಯಾಗ ಬರದು ಪಾಸಾಗ್ಯಾಳ. ಮೂರನೇ ಇಯತ್ತೆಗೆ ಕಳಸ್ರಿ.”

ನಾನು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ದೊಡ್ಡಪ್ಪ ನನ್ನನ್ನು ಕರೆಯಲಿಲ್ಲ. ಅವ್ವನ ಕಡೆ ತಿರುಗಿದ.

“ಏನಂತಿ ತಂಗಿ?”

“ನೀವು ಅಂದಂಗ ಭಾವನೋರ.”

“ಮನಿ ಕೆಲಸ ಐತ್ರಿ ಅಕ್ಕೋರ,” ಎಂದ ದೊಡ್ಡಪ್ಪ. ಅಕ್ಕೋರು ಅವಲಕ್ಕಿಯ ತಾಟನ್ನು ಹಾಗೆಯೇ ಬಿಟ್ಟು ಎದ್ದರು. ನನ್ನ ಹೆಸರನ್ನು ಮೂರನೆಯ ಇಯತ್ತೆಯ ಹಾಜರಿಯಲ್ಲಿ ಬರೆದಿದ್ದರಂತೆ, ಆಷಾಢದ ತನಕ ದಿನಾ ಕರೆದು ಆಮೇಲೆ ಹೊಡೆದು ಹಾಕಿದರಂತೆ. ದೊಡ್ಡಪ್ಪನ ಪಾಲಿನ ನಾಲ್ಕು ಭರಣಿಗಳನ್ನು ನನ್ನ ಕೈ ಅವುಗಳ ಬಾಯೊಳಗೆ ಹಿಡಿಯದಷ್ಟು ದೊಡ್ಡದಾಗುವ ತನಕ ತೊಳೆದೆ. ಆಮೇಲೆ ನನ್ನನ್ನು ಹಿರೇಕೆರೂರಿನ ಕಡೆ ಕೊಟ್ಟರು.

ಸುಳ್ಳು ಹೇಳಿ ಸಾಲಿ ಕಳೆದುಕೊಂಡಳು ಎಂದು ಅವ್ವ ಕೊನೆಯ ತನಕ ನೆಂಟರ ಮುಂದೆ ಹೇಳುತ್ತಿದ್ದಳು. ಸುಳ್ಳಿಗೆ ನಾನು ಒಂದು ದಿನವೂ ಮರುಗಿಲ್ಲ. ದೊಡ್ಡಪ್ಪನಿಗೆ ‘ಅವ್ವ ಹೋಗು ಅಂದಳು’, ಅವ್ವನಿಗೆ ‘ದೊಡ್ಡಪ್ಪ ಹೋಗು ಅಂದ’. ಇಷ್ಟು ಹೇಳಿದ್ದರೆ ಸಾಕಿತ್ತು. ಅವರು ಒಬ್ಬರನ್ನೊಬ್ಬರು ಎಂದೂ ಕೇಳುತ್ತಿರಲಿಲ್ಲ, ಆ ಎರಡು ಮಾತಿನ ಮೇಲೆ ನಾನು ಏಳನೆಯ ಇಯತ್ತೆಯ ತನಕ ಓದಿ ಮುಗಿಸುತ್ತಿದ್ದೆ. ಅದರ ಜೊತೆ ಭರಣಿಯನ್ನೂ ಕೊಟ್ಟು ಇಬ್ಬರನ್ನೂ ಖುಷಿಪಡಿಸಲು ಹೋದೆ. ತಪ್ಪು ಮಾಡಿದ್ದು ಅಲ್ಲಿ. ಅವರು ಖುಷಿಪಡಬೇಕು ಎಂದು ನನಗೇಕೆ ಅನ್ನಿಸಿತೋ.